ತುಳು ತಿಳಿದ ನಾಯಿಯ ಜೊತೆ ದುಬೈಯಲ್ಲಿ ಒಂದು ದಿನ

ಹೊರಡುವ ಮೊದಲು

ದುಬೈಗೆ ಹೋಗಿ ಬಂದವರು ನಮ್ಮ ಪುತ್ತೂರು ಕಡೆಯ ಸವಣೂರಿನಲ್ಲಿ ಮನೆಗೊಬ್ಬರಿದ್ದಾರೆ. ಅಲ್ಲಿನ ಎತ್ತರದ ಕಟ್ಟಡಗಳ ಬಗ್ಗೆ ನಾನು ಬರೆದರೆ ಓದುವವರಿಗೆ ಆಕಳಿಕೆ ಬಂದೀತು. ನಿಜ ಹೇಳಬೇಕೆಂದರೆ ಆ ಕಟ್ಟಡಗಳನ್ನು ನಾನು ಸರಿಯಾಗಿ ನೋಡಿಯೂ ಇಲ್ಲ. ನಾನು ದುಬೈ ನೋಡಿದ್ದು ಒಂದು ನಾಯಿಯ ಬಾಲದ ಹಿಂದಿನಿಂದ. ಅದು ಮುಂದೆ, ನಾನು ಹಿಂದೆ. ಇಡೀ ದಿನ ಹೀಗೇ ತಿರುಗಿದೆವು.

ಹೋದದ್ದು ನನ್ನ ಕಾಕನ ಕಾರಣಕ್ಕೆ. ಬ್ಯಾರಿಗಳಾದ ನಾವು ಮನೆಯಲ್ಲಿ ಅಣ್ಣನನ್ನು ಕಾಕ ಎಂದು ಕರೆಯುತ್ತೇವೆ. ಹಮೀದ್ ಕಾಕನಿಗೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಅತ್ತಿಗೆ ತೀರಿಕೊಂಡಳು. ಇನ್ನೊಂದು ಮದುವೆಯ ಮಾತೆತ್ತಿದರೆ ಅವನು ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ಕೊನೆಗೊಮ್ಮೆ ದುಬೈಗೇ ಎದ್ದು ಹೋದ. ಅಲ್ಲಿ ಒಬ್ಬ ವಯಸ್ಸಾದ ಮೇಡಂ ಮನೆಯಲ್ಲಿ ಡ್ರೈವರ್ ಕೆಲಸ ಎಂದು ನಮಗೆಲ್ಲ ಗೊತ್ತಿತ್ತು. ಫೋಟೋ ಕಳಿಸಿದರೆ ಕಾರಿನ ಪಕ್ಕ ನಿಂತದ್ದೇ ಇರುತ್ತಿತ್ತು. ಕಳೆದ ಮಳೆಗಾಲದಲ್ಲಿ ಒಂದು ದಿನ, ಬೆಳಿಗ್ಗೆ ನಡೆಯಲು ಹೋದವನು ದಾರಿಯಲ್ಲೇ ಕುಸಿದು ತೀರಿಕೊಂಡ ಎಂದು ಫೋನ್ ಬಂತು. ಅಲ್ಲಿಯೇ ದಫನ ಮಾಡಿದರು. ನಾವು ಇಲ್ಲಿ ಅವನ ಹೆಸರಿನಲ್ಲಿ ಖುರಾನಿನ ಯಾಸೀನ್ ಓದಿಸಿದೆವು.

ನಮ್ಮ ಕಡೆ ಪ್ರಾಣ ಹೋಗುವವರ ತಲೆಯ ಹತ್ತಿರ ಯಾರಾದರೂ ಕೂತಿರಲೇಬೇಕು. ಕಿವಿಯ ಬಳಿ ಕಲಿಮ ಹೇಳಬೇಕು, ಒಣಗಿದ ತುಟಿಗೆ ಒಂದಿಷ್ಟು ನೀರು ಬಿಡಬೇಕು. ನಮ್ಮ ಬಾಪ ಹೋಗುವಾಗ ಕೋಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಾಕ ಸತ್ತ ಸುದ್ದಿ ಬಂದಾಗ ನಮ್ಮ ತಾಯಿ, ಉಮ್ಮ, ಅತ್ತದ್ದು ಸ್ವಲ್ಪವೇ. ಆಮೇಲೆ ಒಂದೇ ಪ್ರಶ್ನೆ ಹಿಡಿದು ಕೂತಳು.

"ಅವನ ಹತ್ತಿರ ಯಾರಿದ್ರು? ಬಾಯಿಗೆ ನೀರು ಬಿಟ್ಟದ್ದು ಯಾರು?"

ಮನೆಗೆ ಬಂದ ಹಿರಿಯರೊಬ್ಬರು, "ಅಲ್ಲಾಹು ಇದ್ದ, ಮತ್ತೆ ಯಾರು ಬೇಕು?" ಎಂದು ಸಮಾಧಾನ ಹೇಳಿದರು.

"ಅಲ್ಲಾಹು ಇದ್ದದ್ದು ನನಗೆ ಗೊತ್ತುಂಟು," ಎಂದಳು ಉಮ್ಮ. "ಮತ್ತೆ ಯಾರಿದ್ರು?"

ತಿಂಗಳುಗಳು ಕಳೆದರೂ ಆ ಪ್ರಶ್ನೆ ಹೋಗಲಿಲ್ಲ. ಊಟಕ್ಕೆ ಕೂತರೆ ಕೇಳುತ್ತಾಳೆ, ನಮಾಜು ಮುಗಿಸಿ ಕೇಳುತ್ತಾಳೆ. ನಾನು ನರಿಮೊಗರು ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರಾಗಿದ್ದು ಆಗಷ್ಟೇ ನಿವೃತ್ತನಾಗಿದ್ದೆ. ಕೈಯಲ್ಲಿ ಬೇಕಾದಷ್ಟು ಸಮಯವಿತ್ತು. ಕಾಕನ ಸಾಮಾನು ತರುವ ನೆಪದಲ್ಲಿ, ಉಮ್ಮನ ಪ್ರಶ್ನೆಗೆ ಒಂದು ಹೆಸರು ಹುಡುಕಿ ತರೋಣವೆಂದು ಹೊರಟೆ.

ಗೇಟು

ತಲುಪಿದ ಮರುದಿನ ಊರಿನವರೊಬ್ಬರು ನನ್ನನ್ನು ಖಬರಸ್ಥಾನಕ್ಕೆ ಕರೆದುಕೊಂಡು ಹೋದರು. ಮರಳಿನ ಬಯಲು, ಅದರಲ್ಲಿ ಸಾಲು ಸಾಲು ಕಲ್ಲು. ಕಲ್ಲಿನ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ದುಆ ಮಾಡಿದೆ. ಅಳು ಬಂದೀತೆಂದು ಕರವಸ್ತ್ರ ಹಿಡಿದುಕೊಂಡೇ ಹೋಗಿದ್ದೆ, ಬರಲಿಲ್ಲ. ಆ ಸಂಖ್ಯೆಗೂ ನನ್ನ ಕಾಕನಿಗೂ ನಂಟು ಕಟ್ಟಲು ನನ್ನ ಮನಸ್ಸು ಒಪ್ಪಲೇ ಇಲ್ಲ.

ಅದರ ಮರುದಿನ ಬೆಳಿಗ್ಗೆ ಜುಮೈರಾ ಎಂಬ ಕಡೆ ಇರುವ ಮೇಡಂ ಮನೆಗೆ ಹೋದೆ. ತಗ್ಗು ಮನೆಗಳು, ಎತ್ತರದ ಗೋಡೆಗಳು, ಗೋಡೆಯ ಮೇಲಿಂದ ಹೊರಗೆ ಬಿದ್ದ ಕಾಗದದ ಹೂವಿನ ಬಳ್ಳಿಗಳು. ಬೀದಿಯಲ್ಲಿ ಒಬ್ಬ ಮನುಷ್ಯ ಇಲ್ಲ. ಗೇಟು ತೆರೆದೆ. ಒಳಗೆ ಒಂದು ನಾಯಿ ಕೂತಿತ್ತು.

ಕಂದು ಬಣ್ಣದ ದೊಡ್ಡ ನಾಯಿ. ಕಿವಿ ಜೋತು ಬಿದ್ದಿತ್ತು, ಮೂತಿ ನರೆತಿತ್ತು. ನಾನು ಬಂದ ದಾರಿಯಲ್ಲೇ ತಿರುಗಿ ಗೇಟಿನ ಹೊರಗೆ ನಿಂತೆ. ನನಗೆ ನಾಯಿಯೆಂದರೆ ಆಗುವುದಿಲ್ಲ. ಹೆದರಿಕೆ ಒಂದು ಕಾರಣ. ಇನ್ನೊಂದು, ನಾವು ಬೆಳೆದ ರೀತಿ. ನಾಯಿಯ ಜೊಲ್ಲು ತಾಗಿದರೆ ನಮ್ಮಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಚಿಕ್ಕಂದಿನಲ್ಲಿ ಮದ್ರಸಕ್ಕೆ ಹೋಗುವಾಗ ನೆರೆಮನೆಯ ಗೌಡರ ನಾಯಿ ಅಡ್ಡ ಬಂದರೆ ನಾವು ಇನ್ನೊಂದು ದಾರಿ ಹಿಡಿದು ತಡವಾಗಿ ಹೋಗಿ ಪೆಟ್ಟು ತಿನ್ನುತ್ತಿದ್ದೆವೇ ಹೊರತು ನಾಯಿಯ ಹತ್ತಿರ ಹೋಗುತ್ತಿರಲಿಲ್ಲ.

ಮೇಡಂ ಕೋಲು ಊರಿಕೊಂಡು ಬಂದರು. ಲೆಬನಾನಿನವರು, ಗಂಡ ತೀರಿಕೊಂಡಿದ್ದಾರೆ, ಎರಡೂ ಮಂಡಿಗಳಲ್ಲಿ ನೋವು. ಅವರ ಇಂಗ್ಲಿಷಿಗೆ ಅರಬ್ಬಿಯ ವಾಸನೆ, ನನ್ನದಕ್ಕೆ ಪುತ್ತೂರಿನ ವಾಸನೆ. ಹೇಗೋ ಮಾತು ನಡೆಯಿತು. ಕುರ್ಚಿ ಹಾಕಿಸಿದರು. ಆಮೇಲೆ ನಾಯಿಯನ್ನು ತೋರಿಸಿ, "ಇದು ಮಿಲೋ. ನಿಮಗೆ ಇವನ ಬಗ್ಗೆ ಎಲ್ಲ ಗೊತ್ತಿರಬೇಕು," ಎಂದರು.

ನನಗೆ ಏನೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಡಂಗೆ ಕಾರು ಬೇಕಾಗುತ್ತಿದ್ದದ್ದು ವಾರಕ್ಕೊಮ್ಮೆ, ಆಸ್ಪತ್ರೆಗೆ ಹೋಗಲು. ಉಳಿದಂತೆ ಕಾಕನ ಕೆಲಸ ಬೆಳಿಗ್ಗೆ ಸಂಜೆ ಈ ನಾಯಿಯನ್ನು ನಡೆಸುವುದು, ಮೀಯಿಸುವುದು, ಉಣ್ಣಿಸುವುದು. ಮರಿಯಾಗಿದ್ದಾಗಿನಿಂದ ಅವನೇ ಸಾಕಿದ್ದು. ಕಾರಿನ ಪಕ್ಕದ ಆ ಫೋಟೋಗಳಲ್ಲೆಲ್ಲ ನಾಯಿ ಕಾಲಬುಡದಲ್ಲಿ ಇದ್ದಿರಬೇಕು, ಇವನು ಕತ್ತರಿಸಿ ಕಳಿಸಿರಬೇಕು. ಕುರ್ಚಿಯಲ್ಲಿ ಕೂತಲ್ಲಿಯೇ ನನಗೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡುವುದು ಕಷ್ಟದ ಕೆಲಸ, ಎದುರಿಗೆ ಯಾರೂ ಇರುವುದಿಲ್ಲ.

"ಅವನು ಬಿದ್ದದ್ದು ಎಲ್ಲಿ? ಹತ್ತಿರ ಯಾರಿದ್ದರು?" ಎಂದು ಕೇಳಿದೆ.

ಮೇಡಂಗೆ ಗೊತ್ತಿರಲಿಲ್ಲ. ಪಾರ್ಕಿನ ಬಳಿ ಎಲ್ಲೋ ಎಂದು ಪೊಲೀಸರು ಹೇಳಿದ್ದರಂತೆ. ನಾಯಿಯನ್ನು ಯಾರೋ ತಂದು ಬಿಟ್ಟರಂತೆ. ಆವತ್ತಿನಿಂದ ಅದು ಹೊಸ ಕೆಲಸದವನ ಜೊತೆ ಬೀದಿಯ ಕೊನೆಯವರೆಗೂ ಹೋಗುವುದಿಲ್ಲ, ಊಟವೂ ಅಷ್ಟಕ್ಕಷ್ಟೆ. "ಹಮೀದ್ ಹೋಗುತ್ತಿದ್ದ ದಾರಿ ಇವನಿಗೆ ಮಾತ್ರ ಗೊತ್ತು," ಎಂದರು ಮೇಡಂ. "ಇವತ್ತೊಂದು ದಿನ ನೀವು ಕರೆದುಕೊಂಡು ಹೋಗಿ ನೋಡಿ. ನಿಮ್ಮ ದನಿ ಅವನ ದನಿಯ ಹಾಗೇ ಇದೆ."

ಅಷ್ಟು ಹೇಳಿ ನನ್ನ ಒಂದು ಕೈಗೆ ಹಗ್ಗ, ಇನ್ನೊಂದು ಕೈಗೆ ಸಣ್ಣ ಚೀಲದಂಥ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳ ಸುರುಳಿ ಕೊಟ್ಟರು. ತೊಟ್ಟೆ ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಂದಲೇ ಓಡಿ ಹೋಗುತ್ತಿದ್ದೆ.

ನಾಯಿ ಗೇಟಿನಲ್ಲಿ ಕೂತದ್ದು ಏಳಲಿಲ್ಲ. ಇಂಗ್ಲಿಷಿನಲ್ಲಿ ಕರೆದೆ. ಅದು ಬೀದಿಯನ್ನೇ ನೋಡುತ್ತಿತ್ತು. ಹೊಸ ಕೆಲಸದವನು ಹಿಂದಿಯಲ್ಲಿ ಗದರಿಸಿದ. ಅದು ಅವನನ್ನೂ ನೋಡಲಿಲ್ಲ. ಬಿಸಿಲು ಏರುತ್ತಿತ್ತು, ನನಗೆ ಸಾಕುಬೇಕಾಯಿತು. "ಬಲ ಮಾರಾಯ, ಬಲ!" ಎಂದೆ, ಬಾ ಎಂದು, ತುಳುವಿನಲ್ಲಿ.

ನಾಯಿ ಎದ್ದು ನಿಂತಿತು.

ಇದು ನಮ್ಮವರು ಮಾತ್ರ ಮಾಡುವ ತಪ್ಪು. ಬ್ಯಾರಿ ಮನೆಗಳಲ್ಲಿ ನಾಯಿ ಇರುವುದಿಲ್ಲ. ನಾವು ಕಂಡ ನಾಯಿಗಳೆಲ್ಲ ತುಳು ಮಾತಾಡುವ ನೆರೆಯವರದ್ದು. ಹಾಗಾಗಿ ನಾಯಿಗಳಿಗೆ ತುಳು ಮಾತ್ರ ಅರ್ಥವಾಗುವುದೆಂದು ನಾವು ಮಕ್ಕಳೆಲ್ಲ ನಂಬಿದ್ದೆವು. ಬೆಕ್ಕಿಗೆ ನಮ್ಮ ಮನೆಮಾತು ಬ್ಯಾರಿ, ನಾಯಿಗೆ ತುಳು. ಅಷ್ಟು ದೂರ ಬಂದು, ಲೆಬನಾನಿನ ಮೇಡಂ ಸಾಕಿದ, ಯಾವುದೋ ತಂಪು ದೇಶದ ತಳಿಯ ನಾಯಿಗೂ ಕಾಕ ತುಳುವನ್ನೇ ಕಲಿಸಿದ್ದ. ಅದು ನನ್ನ ಹತ್ತಿರ ಬಂದು ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿತು. ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತಿತ್ತು. ಖಬರಸ್ಥಾನದಲ್ಲಿ ಬಾರದ ಅಳು ನನಗೆ ಅಲ್ಲಿ ಬಂತು. ಮೇಡಂ ಬೇರೆ ಕಡೆ ಮುಖ ತಿರುಗಿಸಿದರು.

ಹಿಂದಿನ ಓಣಿ

ಮನೆಗಳ ಹಿಂಬದಿಯಲ್ಲಿ ಕಸದ ಡಬ್ಬಿಗಳಿರುವ ಓಣಿ. ಕೆಲಸದವರ ದಾರಿ ಅದು. ಮುಂದಿನ ಬೀದಿಯಲ್ಲಿ ಕಾಣದ ಮನುಷ್ಯರೆಲ್ಲ ಇಲ್ಲಿದ್ದರು. ಬಟ್ಟೆ ಒಣಗಿಸುವ ಹೆಂಗಸರು, ಕಾರು ತೊಳೆಯುವವರು, ಫೋನಿನಲ್ಲಿ ಊರಿನ ಜೊತೆ ಜಗಳ ಮಾಡುವವರು. ನನ್ನನ್ನು ಯಾರೂ ನೋಡಲಿಲ್ಲ. ಎಲ್ಲರೂ ನಾಯಿಯನ್ನು ನೋಡಿದರು, ಆಮೇಲೆ ಹಗ್ಗ ಹಿಡಿದ ಕೈ ಯಾರದ್ದೆಂದು ನೋಡಿದರು. ಒಬ್ಬ ಫಿಲಿಪೀನಿ ಹೆಂಗಸು ಬಕೆಟ್ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸ್ವಲ್ಪ ದೂರ ಹೋದ ಮೇಲೆ ತೊಟ್ಟೆಯ ಅರ್ಥ ತಿಳಿಯಿತು. ನಾಯಿ ಒಂದು ಕಂಬದ ಬುಡದಲ್ಲಿ ಕೂತು ತನ್ನ ಕೆಲಸ ಮುಗಿಸಿತು. ಮುಗಿಸಿ ನನ್ನನ್ನು ನೋಡಿತು. ನಾನು ಮುಂದೆ ನಡೆದರೆ ಅದು ಅಲುಗಾಡಲಿಲ್ಲ. ಎತ್ತದೆ ಬರುವ ಅಭ್ಯಾಸ ಅದಕ್ಕಿಲ್ಲ. ಆ ಊರಿನ ಪದ್ಧತಿ ಹಾಗೆ, ಎತ್ತದಿದ್ದರೆ ದಂಡ. ನಮ್ಮ ಸವಣೂರು ಪೇಟೆಯಲ್ಲಿ ಮನುಷ್ಯರು ಉಗುಳಿದ್ದಕ್ಕೇ ದಂಡವಿಲ್ಲ. ಮೂವತ್ತು ವರ್ಷ ಹಳಗನ್ನಡದ ಪದ್ಯ ಪಾಠ ಮಾಡಿದ ಕೈಯಲ್ಲಿ, ಮುಖ ಆಚೆ ತಿರುಗಿಸಿ, ಕೆಲಸಕ್ಕೆ ಮೊದಲು ಹೇಳುವ ಬಿಸ್ಮಿ ಹೇಳುವುದೋ ಬಿಡುವುದೋ ಎಂದು ತಿಳಿಯದೆ, ಅದನ್ನು ಎತ್ತಿ ಗಂಟು ಕಟ್ಟಿದೆ. ಪುತ್ತೂರಿನವರು ಯಾರಾದರೂ ಕಂಡಾರೋ ಎಂಬ ಹೆದರಿಕೆ ಬೇರೆ. ದುಬೈಯಲ್ಲಿ ಅವರಿಲ್ಲದ ಓಣಿ ಯಾವುದುಂಟು?

ಕಾಕ ಇದನ್ನು ದಿನಕ್ಕೆರಡು ಸಲ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ಅವನ ಹೇಸಿಕೊಳ್ಳುವ ಗುಣ ಮನೆಗೆಲ್ಲ ಪ್ರಸಿದ್ಧ. ಲೋಟದಲ್ಲಿ ಒಂದು ಇರುವೆ ಕಂಡರೆ ಚಹಾ ಚೆಲ್ಲುವವನು. ಎಷ್ಟು ದಿನ ಅತ್ತಿರಬಹುದು, ಯಾವಾಗ ಅಭ್ಯಾಸವಾಗಿರಬಹುದು ಎಂದು ಯೋಚಿಸುತ್ತಾ ನಾಯಿಯ ಹಿಂದೆ ನಡೆದೆ.

ಚಹಾದಂಗಡಿ

ಓಣಿ ಮುಗಿದು ರಸ್ತೆ ದಾಟಿದರೆ ಒಂದು ಸಣ್ಣ ಕೆಫೆಟೀರಿಯ. ನಾಯಿ ಅಂಗಡಿಯ ಹತ್ತಿರ ಹೋಗದೆ, ಆಚೆಯ ಕಾಲುದಾರಿಯ ಬೆಂಚಿನ ಕೆಳಗೆ ನುಗ್ಗಿ ಮಲಗಿತು. ಅದರ ಜಾಗ ಅದು ಎಂದು ನೋಡಿದರೆ ಗೊತ್ತಾಗುತ್ತಿತ್ತು. ನಾನು ಬೆಂಚಿನ ಮೇಲೆ ಕೂತೆ. ಅದು ಕಾಕನ ಜಾಗ ಇರಬೇಕು.

ಅಂಗಡಿಯೊಳಗಿನಿಂದ ಒಬ್ಬರು ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. ಹೆಸರು ಮೊಯ್ದೀನ್, ಉಪ್ಪಳದವರು. ಚಹಾ ಮಾಡುವುದು ಅವರೇ. ನಾಯಿಯನ್ನು ನೋಡಿ, ನನ್ನನ್ನು ನೋಡಿ, "ತಮ್ಮ ಅಲ್ವಾ? ಮಾಷ್ಟ್ರು?" ಎಂದರು.

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಎಂತ? ನಿಮಗೆ ವರ್ಗ ಆದದ್ದು, ನಿಮ್ಮ ಕಣ್ಣಿನ ಆಪರೇಷನ್, ನಿಮ್ಮ ಉಮ್ಮ ಹಠ ಮಾಡಿ ಮದ್ದು ಕುಡಿಯದ್ದು, ಎಲ್ಲ ಗೊತ್ತುಂಟು. ನನಗೆ ಹೇಳಿದ್ದಲ್ಲ ಮಾರಾಯ್ರೆ. ಇದಕ್ಕೆ ಹೇಳುದು." ಬೆಂಚಿನ ಕೆಳಗೆ ಬೆರಳು ತೋರಿಸಿದರು. "ಇಲ್ಲಿ ಕೂತು ಚಾಯ ಕುಡಿಯುದು, ಊರಿನ ಸುದ್ದಿ ಒಂದೊಂದೇ ನಾಯಿಗೆ ಹೇಳುದು. ನಾನು ಚಾಯ ತಂದು ಕೊಡುವಾಗ ಕಿವಿಗೆ ಬೀಳುದು, ಅಷ್ಟೆ."

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಿಲ್ಲ, ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು. ಕಾಕ ಫೋನ್ ಮಾಡಿದರೆ "ಚೆಂದ ಉಂಟಾ? ಉಮ್ಮ ಹೇಗಿದ್ದಾಳೆ? ಸರಿ, ಇಡ್ತೇನೆ" ಎಂದು ಮುಗಿಸುವವನು. ಅವನಿಗೆ ಮಾತೇ ಇಲ್ಲ ಎಂದುಕೊಂಡಿದ್ದೆವು.

ಮೊಯ್ದೀನ್ ಕಾಗದದ ಲೋಟದಲ್ಲಿ ನನಗೆ ಚಹಾ ತಂದರು, ಪ್ಲಾಸ್ಟಿಕ್ ಬಟ್ಟಲಲ್ಲಿ ನಾಯಿಗೆ ನೀರು ತಂದರು. ಬಟ್ಟಲನ್ನು ಕಾಲಿನಿಂದ ಮೆಲ್ಲ ತಳ್ಳಿ ಹತ್ತಿರ ಸರಿಸಿದರು. ಅವರಿಗೂ ನಮ್ಮದೇ ಪದ್ಧತಿ, ಕೈ ತಾಗಿಸುವುದಿಲ್ಲ. ನಾಯಿ ನೀರು ಕುಡಿದದ್ದು ನೋಡಿ, "ಓ, ಕುಡಿತದೆ! ಆ ದಿನದ ಮೇಲೆ ಇವತ್ತೇ ಇಲ್ಲಿಗೆ ಬಂದದ್ದು!" ಎಂದರು.

ನಾನು ಉಮ್ಮನ ಪ್ರಶ್ನೆ ಕೇಳಿದೆ. ಮೊಯ್ದೀನ್ ತಲೆಯಾಡಿಸಿದರು. "ನಾನಿರ್ಲಿಲ್ಲ ಮಾಷ್ಟ್ರೇ. ಆ ದಿನ ಇಲ್ಲಿ ಚಾಯ ಕುಡಿದು ಎದ್ದು ಹೋದ್ರು. ಎದೆ ಸ್ವಲ್ಪ ಹಿಡಿದ ಹಾಗೆ ಆಗ್ತದೆ, ಗ್ಯಾಸ್ ಇರ್ಬೇಕು ಅಂದ್ರು. ಕೂತ್ಕೊಳ್ಳಿ ಅಂದೆ. ಇದಕ್ಕೆ ಮರದ ಹತ್ತಿರ ಹೋಗ್ಲಿಕ್ಕುಂಟು, ಕಾಯ್ತದೆ ಅಂದ್ರು." ಅವರು ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡರು. "ಮರ ಯಾವುದೂಂತ ನನಗೆ ಗೊತ್ತಿಲ್ಲ. ಇದಕ್ಕೆ ಗೊತ್ತುಂಟು."

ಪಾರ್ಕಿನ ಬೇಲಿ

ಜನವರಿಯ ಬಿಸಿಲಾದರೂ ಬಿಸಿಲೇ. ನನ್ನ ಮಂಡಿ ಹಟ ಹಿಡಿಯಿತು. ಪಾರ್ಕಿನವರೆಗೆ ಒಂದು ಟ್ಯಾಕ್ಸಿ ಹಿಡಿಯೋಣವೆಂದು ಕೈ ತೋರಿಸಿದೆ. ಟ್ಯಾಕ್ಸಿ ನಿಂತಿತು, ಚಾಲಕ ನಾಯಿಯನ್ನು ಕಂಡ, ಟ್ಯಾಕ್ಸಿ ಹೋಯಿತು. ಎರಡನೆಯದು ನಿಲ್ಲಲೂ ಇಲ್ಲ. ನಮ್ಮ ಪುತ್ತೂರು ಸವಣೂರು ದಾರಿಯ ಜೀಪಿನಲ್ಲಿ ಆಡು, ಕೋಳಿ, ಹಲಸಿನ ಹಣ್ಣು, ಮದುಮಗ ಎಲ್ಲವೂ ಒಟ್ಟಿಗೆ ಬರುತ್ತಿದ್ದ ಕಾಲ ನೆನಪಾಯಿತು. ಇನ್ನೇನು ಮಾಡುವುದು, ನಡೆದೆವು. ನಾಯಿಯೂ ಕುಂಟುತ್ತಿತ್ತು. ಇಬ್ಬರು ಮುದುಕರ ಮೆರವಣಿಗೆ.

ಪಾರ್ಕು ದೊಡ್ಡದು, ಹಸಿರು. ಬಾಗಿಲಲ್ಲಿ ನಾಯಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಬೋರ್ಡು. ನಾಯಿ ಅದನ್ನು ಓದಿದ ಹಾಗೆ ಬಾಗಿಲ ಕಡೆ ತಿರುಗಲೂ ಇಲ್ಲ. ಬೇಲಿಯ ಹೊರಗಿನಿಂದ, ಬೇಲಿಗೆ ಮೈ ತಾಗಿಸಿಕೊಂಡು ನಡೆಯಿತು. ಒಳಗೆ ಮಕ್ಕಳು ಉಯ್ಯಾಲೆ ಆಡುತ್ತಿದ್ದರು, ಒಂದು ಕುಟುಂಬ ಚಾಪೆ ಹಾಸಿ ಬಿರಿಯಾನಿ ಬಿಚ್ಚುತ್ತಿತ್ತು. ಹೊರಗೆ ನಾವಿಬ್ಬರು. ಕಾಕ ಇಷ್ಟು ವರ್ಷ ಈ ಊರನ್ನು ನೋಡಿದ್ದು ಬೇಲಿಯ ಈ ಬದಿಯಿಂದಲೇ ಎಂದು ಹೊಳೆಯಿತು. ನಾಯಿ ಜೊತೆಗಿಲ್ಲದಿದ್ದರೆ ಅವನು ಒಳಗೆ ಹೋಗಬಹುದಿತ್ತು. ಹೋಗಿ ಯಾರ ಜೊತೆ ಕೂತುಕೊಳ್ಳುತ್ತಿದ್ದ?

ಮರದ ಬುಡ

ಬೇಲಿ ತಿರುಗುವಲ್ಲಿ ಒಂದು ಬೇವಿನ ಮರ. ಬುಡದಲ್ಲಿ ನಾಲ್ಕು ಜನ ಕೂರುವಷ್ಟು ನೆರಳು. ನಾಯಿ ಅಲ್ಲಿಗೆ ಬಂದು ನಿಂತಿತು. ನೆಲವನ್ನು ಮೂಸಿತು, ಮರವನ್ನು ಮೂಸಿತು, ಒಂದು ಸುತ್ತು ಹಾಕಿತು. ಮತ್ತೆ ಮಣ್ಣಿಗೆ ಮೂತಿಯಿಟ್ಟು ಮಲಗಿತು. ನಾನು ಹಗ್ಗ ಎಳೆಯಲಿಲ್ಲ. ಸ್ಥಳ ಇದೇ ಎಂದು ಗೊತ್ತಾಯಿತು.

ಬೇಲಿಯೊಳಗೆ ಹುಲ್ಲಿಗೆ ನೀರು ಬಿಡುತ್ತಿದ್ದವನೊಬ್ಬ ಪೈಪು ಕೆಳಗೆ ಹಾಕಿ ಬಂದ. ಬಿಹಾರದ ಕಡೆಯವನು. ಅವನ ಹಿಂದಿಗೂ ನನ್ನ ಶಾಲೆಯ ಹಿಂದಿಗೂ ಹೊಂದಿಕೆಯಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಯಾರೆಂದು ಹೇಳಿದೆ. ಅವನು ಬೇಲಿಯ ಸರಳು ಹಿಡಿದುಕೊಂಡು, ನನ್ನ ಮುಖ ನೋಡದೆ ಹೇಳಿದ.

ಆ ದಿನ ಅವನು ಪಾರ್ಕಿನ ಆಚೆ ಬದಿಯಲ್ಲಿದ್ದ. ನಾಯಿ ಬೊಗಳುವುದು ಕೇಳಿಸಿತು. ದಿನಾ ಬರುವ ನಾಯಿ, ಯಾವತ್ತೂ ಬೊಗಳಿದ್ದಿಲ್ಲ. ತಲೆಯೆತ್ತಿ ನೋಡಿದರೆ ಕಾಕ ಈ ಮರಕ್ಕೆ ಒರಗಿ ಕೂತಿದ್ದ. ಸುಸ್ತಾಗಿರಬೇಕು ಎಂದುಕೊಂಡ. ರಸ್ತೆಯಲ್ಲಿ ಕಾರುಗಳು ಹೋಗುತ್ತಿದ್ದವು, ಯಾವುದೂ ನಿಲ್ಲಲಿಲ್ಲ. ಆಮೇಲೆ ಬೊಗಳುವುದು ನಿಂತಿತು. ನೋಡಿದರೆ ನಾಯಿ ಕಾಕನ ಎದೆಯ ಮೇಲೆ ಮುಂಗಾಲು ಇಟ್ಟು ಅವನ ಮುಖ ನೆಕ್ಕುತ್ತಿತ್ತು. ಇವನಿಗೆ ಅನುಮಾನ ಬಂದು ಬಾಗಿಲು ಸುತ್ತಿ ಓಡಿ ಬಂದ.

"ಆಗ ಜೀವ ಇತ್ತಾ?"

ಇರಲಿಲ್ಲ ಎಂದ. ಕಣ್ಣು ತೆರೆದೇ ಇತ್ತು. ಒಂದು ಕೈ ನಾಯಿಯ ಕುತ್ತಿಗೆಯ ಮೇಲಿತ್ತು.

"ನೀರು ಕೊಟ್ಟಿರಾ?"

ಬಾಟಲಿ ತಂದಿದ್ದನಂತೆ. ತುಟಿಗೆ ಹಿಡಿದರೆ ನೀರು ಹೊರಗೆ ಹರಿಯಿತಂತೆ. ತುಟಿ ಮೊದಲೇ ಒದ್ದೆಯಾಗಿತ್ತು, ನಾಯಿ ನೆಕ್ಕಿ ನೆಕ್ಕಿ, ಎಂದ. ಆಮೇಲೆ ಪೊಲೀಸರು ಬಂದರು. ಹಗ್ಗದ ಕುಣಿಕೆ ಕಾಕನ ಮಣಿಕಟ್ಟಿನಲ್ಲಿತ್ತು. ಇಬ್ಬರು ಹಿಡಿದು ಎಳೆದರೂ ನಾಯಿ ಬರಲಿಲ್ಲ. ಇವನೇ ಗಿಡ ಸವರುವ ಕತ್ತರಿ ತಂದು ಹಗ್ಗ ಕತ್ತರಿಸಿದ. ಅದನ್ನು ಹೇಳುವಾಗ ತಪ್ಪು ಮಾಡಿದವನ ಹಾಗೆ ಕೈ ಮುಗಿದ. ಬೇಲಿಯ ಸರಳಿನ ನಡುವೆ ಕೈ ಹಾಕಿ ನಾನು ಅವನ ಕೈ ಹಿಡಿದೆ. ಅವನು ನೀರಿನ ಪೈಪಿನ ಕಡೆ ಹೋದ.

ನಾನು ಮರದ ಬುಡದಲ್ಲಿ ಕೂತೆ. ಉಮ್ಮನಿಗೆ ತಂದು ಕೊಡುತ್ತೇನೆಂದು ಹೊರಟ ಹೆಸರು ಸಿಕ್ಕಿತ್ತು, ಮಿಲೋ. ಇದನ್ನು ಹೇಗೆ ಹೇಳುವುದು? ಕಲಿಮ ಹೇಳುವವರಿಲ್ಲ. ನೀರು ಬಿಡುವವರಿಲ್ಲ. ಅಂಗಳಕ್ಕೆ ಬಂದರೆ ನಾವು ಕಲ್ಲು ಬಿಸಾಡುವ ಪ್ರಾಣಿಯೊಂದು ಮುಖ ನೆಕ್ಕುತ್ತಿತ್ತು. ಮಗನ ಮಯ್ಯತ್ತಿನ ಮುಖವನ್ನೂ ಕಾಣಲು ಸಿಗದ ಎಂಬತ್ತರ ಮುದುಕಿಗೆ ಇದನ್ನು ಹೇಳುವುದೇ? ನನಗೆ ಕಾಕನ ಮೇಲೆ, ನಾಯಿಯ ಮೇಲೆ, ನಿಲ್ಲದೆ ಹೋದ ಕಾರುಗಳ ಮೇಲೆ ಒಟ್ಟಿಗೆ ಸಿಟ್ಟು ಬಂತು. ಸಿಟ್ಟು ಹೋಗಿ ದುಃಖ ಬಂತು. ಬಿಕ್ಕಿ ಬಿಕ್ಕಿ ಅತ್ತೆ, ಶಾಲೆಯ ಮಕ್ಕಳ ಹಾಗೆ.

ನಾಯಿ ಎದ್ದು ಬಂದು ನನ್ನ ತೊಡೆಯ ಮೇಲೆ ಗಲ್ಲ ಇಟ್ಟಿತು. ಪ್ಯಾಂಟು ಒದ್ದೆಯಾಯಿತು. ಕೈಯೂ ಒದ್ದೆಯಾಯಿತು. ಸರಿಸಬೇಕೆಂದು ಅನ್ನಿಸಿತು, ಸರಿಸಲಿಲ್ಲ. ಅದರ ತಲೆಯ ಮೇಲೆ ಕೈಯಿಟ್ಟೆ. ಜೀವಮಾನದಲ್ಲಿ ಮೊದಲ ಸಲ ಒಂದು ನಾಯಿಯನ್ನು ಮುಟ್ಟಿದ್ದು. ಬಿಸಿಲಿಗೆ ಅದರ ತಲೆ ಬೆಚ್ಚಗಿತ್ತು. ನಾವು ಅಲ್ಲಿ ಇಳಿಹೊತ್ತಿನ ಅಸರ್ ಬಾಂಗು ಕೇಳುವವರೆಗೆ ಕೂತಿದ್ದೆವು. ಉಮ್ಮನ ಆರೋಗ್ಯ, ನಮ್ಮ ಮನೆಯ ಹಂಚು ತೆಗೆದು ತಾರಸಿ ಹಾಕಿಸಿದ್ದು, ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿದ್ದು, ಕಾಕ ಹೋದ ಮೇಲಿನ ಸುದ್ದಿಗಳನ್ನೆಲ್ಲ ಅದಕ್ಕೆ ಹೇಳಿದೆ. ತುಳುವಿನಲ್ಲಿ ಹೇಳಿದೆ.

ನಲ್ಲಿ

ಮರಳಿ ಬಂದಾಗ ಮೇಡಂ ಗೇಟಿನಲ್ಲೇ ಕುರ್ಚಿ ಹಾಕಿ ಕಾದಿದ್ದರು. ಏನನ್ನೂ ಕೇಳಲಿಲ್ಲ. ಕಾಕನ ಕೋಣೆಯ ಹೊರಗಿನ ನಲ್ಲಿಯ ಕಡೆ ಕೋಲು ತೋರಿಸಿದರು. ನಲ್ಲಿಯ ಪಕ್ಕದಲ್ಲಿ ಮುಚ್ಚಳವಿದ್ದ ಒಂದು ಬಕೆಟ್, ಅದರ ತುಂಬ ಮಣ್ಣು.

"ನನ್ನ ಹೂಕುಂಡದಿಂದ ಕದಿಯುತ್ತಿದ್ದ," ಎಂದರು ಮೇಡಂ. "ಗಿಡ ನೆಡುತ್ತಾನೇನೋ ಎಂದು ಎಷ್ಟೋ ದಿನ ಕಾದೆ. ಒಂದು ದಿನ ಕೇಳಿದೆ. ತುಂಬ ನಾಚಿಕೊಂಡು ಹೇಳಿದ. ಆಮೇಲೆ ನಾನೇ ತರಿಸಿ ತುಂಬಿಸಿ ಇಡುತ್ತಿದ್ದೆ. ಯಾರೂ ಮುಟ್ಟುವುದಿಲ್ಲ ಅದನ್ನು."

ದಿನಕ್ಕೆರಡು ಸಲ, ಪ್ರತಿ ನಡಿಗೆಯ ಮೇಲೆ ಅವನು ಇಲ್ಲಿ ಕುಕ್ಕರಗಾಲಲ್ಲಿ ಕೂತು, ಒಮ್ಮೆ ಮಣ್ಣಿನ ನೀರಿನಲ್ಲಿ, ಆರು ಸಲ ಬರಿಯ ನೀರಿನಲ್ಲಿ ತೊಳೆದುಕೊಂಡು, ಆಮೇಲೆ ನಮಾಜು ಮಾಡುತ್ತಿದ್ದ. ನಾಯಿಯನ್ನೂ ಬಿಡಲಿಲ್ಲ, ಪದ್ಧತಿಯನ್ನೂ ಬಿಡಲಿಲ್ಲ. ನಾನೂ ಕೂತು ಹಾಗೇ ತೊಳೆದೆ. ನಾಯಿ ಸ್ವಲ್ಪ ದೂರದಲ್ಲಿ ಕೂತು, ಹತ್ತಿರ ಬಾರದೆ, ಮುಗಿಯುವವರೆಗೆ ಕಾದಿತು.

ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹೊರಡುವಾಗ ಅದು ಬೊಗಳಲಿಲ್ಲ. ಗೇಟಿನವರೆಗೆ ಬಂದು ಕೂತಿತು. ಅದಕ್ಕೆ ವಯಸ್ಸಾಗಿತ್ತು, ವಿಮಾನದಲ್ಲಿ ತರುವ ಮಾತೇ ಇರಲಿಲ್ಲ. ಮಸೀದಿಗೆ ತಾಗಿಕೊಂಡ ನಮ್ಮ ಮನೆಗೆ ನಾಯಿ ತಂದರೆ ಊರು ಬಿಡಬೇಕಾದೀತು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೀದಿಯ ತಿರುವಿನಲ್ಲಿ ಹಿಂದೆ ನೋಡಿದಾಗ ಕೂತಿದ್ದ ಅದನ್ನು ಕಂಡು ನನಗೆ ತಾಳಲಾಗಲಿಲ್ಲ.

ಸವಣೂರು

ವಿಮಾನದಲ್ಲಿ ಒಂದು ಸುಳ್ಳು ಕಟ್ಟಿದೆ. 'ಉಪ್ಪಳದ ಮೊಯ್ದೀನ್ ಎಂಬವರು ಜೊತೆಗಿದ್ದರು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಕಲಿಮ ಹೇಳಿದರು, ನೀರು ಬಿಟ್ಟರು.' ಅಷ್ಟು ವರ್ಷ ಮಕ್ಕಳ ಪ್ರಬಂಧ ತಿದ್ದಿದವನು ನಾನು, ಎಲ್ಲಿಯೂ ತಪ್ಪಿಲ್ಲದ ಹಾಗೆ ಜೋಡಿಸಿದೆ.

ಮನೆ ತಲುಪಿದ ಸಂಜೆ ನೆಂಟರಿಷ್ಟರೆಲ್ಲ ಸೇರಿದ್ದರು. ಎಲ್ಲರ ಎದುರು ಅದನ್ನು ಹೇಳಿದೆ. "ಅಲ್‌ಹಮ್ದುಲಿಲ್ಲಾಹ್," ಎಂದರು ಎಲ್ಲರೂ. ಹೆಂಗಸರು ಕಣ್ಣು ಒರೆಸಿಕೊಂಡರು. ಉಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಅವಳು ಮಣೆಯ ಮೇಲೆ ಕೂತು ಒಣಮೀನಿನ ತಲೆ ಕೀಳುತ್ತಿದ್ದಳು. ನಾನು ಚಹಾ ಕೇಳಲು ಹೋದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಿನ್ನೆ ಹೇಳಿದ್ದು ಅವರಿಗೆ," ಎಂದಳು ತಲೆಯೆತ್ತದೆ. "ಈಗ ನನಗೆ ಹೇಳು."

ನಾನು ಬಾಗಿಲಿನ ಹೊಸ್ತಿಲಲ್ಲಿ ಕೂತೆ. ಗೇಟಿನಿಂದ ಹಿಡಿದು ಮರದ ಬುಡದವರೆಗೆ ಎಲ್ಲ ಹೇಳಿದೆ. ತೊಟ್ಟೆಯಲ್ಲಿ ಎತ್ತಿದ್ದನ್ನು ಹೇಳಿದೆ, ಬೆಂಚಿನ ಕೆಳಗಿನ ಸುದ್ದಿಗಳನ್ನು ಹೇಳಿದೆ, ಬಕೆಟಿನ ಮಣ್ಣನ್ನು ಹೇಳಿದೆ. ಉಮ್ಮ ಕೈಕೆಲಸ ನಿಲ್ಲಿಸಲಿಲ್ಲ.

"ಅದು ಕೂಗಿತಾ?"

"ತುಂಬ ಹೊತ್ತು ಬೊಗಳಿತಂತೆ. ಯಾರೂ ಬರ್ಲಿಲ್ಲ. ಮತ್ತೆ ನೆಕ್ಕಿದ್ದು."

"ಮುಖವಾ?"

"ಮುಖ. ಬಾಯಿ."

ಮೀನಿನ ತಲೆಯೊಂದು ಅವಳ ಬೆರಳುಗಳ ನಡುವೆ ಹಾಗೇ ಉಳಿಯಿತು. ಅಲ್ಲಾಹನ ಕ್ಷಮೆ ಕೇಳಿ ಅಸ್ತಗ್ಫಿರುಲ್ಲಾಹ್ ಎನ್ನುತ್ತಾಳೆ ಎಂದು ನಾನು ಕಾದೆ. ಎದೆ ಬಡಿದುಕೊಳ್ಳುತ್ತಾಳೋ, ಇದನ್ನು ಯಾಕೆ ಹೇಳಿದೆ ಎಂದು ನನ್ನನ್ನೇ ಬೈಯುತ್ತಾಳೋ ಎಂದು ಹೆದರಿದೆ. ಅವಳು ಗೋಡೆ ಹಿಡಿದು ಎದ್ದು ಕೈ ತೊಳೆದಳು. ತಲೆಯ ಮೇಲಿನ ಶಾಲಿನ ತುದಿಯಿಂದ ಒದ್ದೆ ಕೈಯನ್ನೂ ಕಣ್ಣನ್ನೂ ಒರೆಸಿಕೊಂಡಳು. ಬಂದು ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತಳು.

ಆಮೇಲೆ ಉಮ್ಮ ಕೇಳಿದಳು:

"ಅದಕ್ಕೀಗ ಯಾರುಂಟು?"